ವಾರಾನ್ನವೂ ಲೇಖನವೃತ್ತಿಯೂ

ನಮ್ಮ ತಂದೆಯವರು ಮೈಸೂರಿನಲ್ಲಿ ಸಂಸ್ಕೃತವನ್ನು ಕಲಿತದ್ದು ವಾರಾನ್ನದ ಬಲದಿಂದ. ಸೋಮವಾರ ಒಬ್ಬ ವಕೀಲರ ಮನೆ, ಮಂಗಳವಾರ ಒಬ್ಬ ವೃದ್ಧೆಯ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳು ಗೊತ್ತಾಗಿದ್ದುವು. ಏಳನೆಯ ಮನೆ ದೊರೆಯದ ವರ್ಷದಲ್ಲಿ ಶನಿವಾರ ಉಪವಾಸ. ಅದನ್ನು ವ್ರತವೆಂದು ಸಹಪಾಠಿಗಳೊಡನೆ ಹೇಳಿಕೊಳ್ಳುತ್ತಿದ್ದರಂತೆ. ಅನ್ನವಿಕ್ಕಿದ ಆ ಗೃಹಿಣಿಯರಲ್ಲಿ ಒಬ್ಬರಾದರೂ ಈ ತಿಂಗಳು ಎಷ್ಟು ಸೂತ್ರ ಬಾಯಿಪಾಠವಾಯಿತೆಂದು ಲೆಕ್ಕ ಕೇಳಿದವರಲ್ಲ. ಈ ಹಳೆಯ ಏರ್ಪಾಡನ್ನು ಕುರಿತು ನಾವು ಮತ್ತೆ ಯೋಚಿಸಬೇಕಾಗಿ ಬಂದುದು ನಮ್ಮ ನೆರೆಮನೆಯ ಕಿರಾಣಿ ಅಂಗಡಿಯವರಿಂದ.

ಅವರು ಒಂದು ಸಂಜೆ ಕೈಯಲ್ಲೊಂದು ಕಾಗದವನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಅವರ ಮಗಳು ನಮ್ಮ ಶಿಷ್ಯೆ. ಮೂರು ವರ್ಷಗಳಿಂದ ಒಂದು ವೃತ್ತಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ವರದಿಗಾರ್ತಿಯಾಗಿದ್ದಳು.

"ಮೇಷ್ಟ್ರೇ, ಇದನ್ನ ಸ್ವಲ್ಪ ನೋಡಿ. ಸಂಬಳದ ಕೆಲಸ ಬಿಡ್ತಾಳಂತೆ. ಬರೆಯೋದು ಕಲಿಯೋಕೆ ಒಂದು ವರ್ಷ ದುಡ್ಡು ಕೊಡ್ತಾರಂತೆ. ಕಲಿಯೋರು ದುಡ್ಡು ಕೊಡೋದು ಕಂಡಿದ್ದೀನಿ. ಕಲಿಯೋರಿಗೇ ದುಡ್ಡು ಕೊಡೋದು ಎಲ್ಲಾದರೂ ಉಂಟಾ? ಅದೂ ಅಲ್ಲದೆ, ಮೂರು ವರ್ಷದಿಂದ ಬರೀತಾನೇ ಇದಾಳಲ್ಲ, ಇನ್ನೇನು ಕಲಿಯೋದು?"

ಕಾಗದವನ್ನು ಓದಿದೆವು. ಫೆಲೋಶಿಪ್ ಎಂದು ಅದಕ್ಕೆ ಹೆಸರು. ಪತ್ರಿಕಾವೃತ್ತಿಗೆ ಹೊಸತಾಗಿ ಬಂದವರಿಗೆ ದೀರ್ಘಲೇಖನದ ಕಲೆಯನ್ನು ಕಲಿಸುವುದು ಉದ್ದೇಶ. ಒಂದು ವರ್ಷ ಪ್ರತಿ ತಿಂಗಳೂ ಗೊತ್ತಾದ ವೇತನ. ಅನುಭವಸ್ಥರಾದ ಸಂಪಾದಕರೊಬ್ಬರ ಮಾರ್ಗದರ್ಶನ. ವರ್ಷಾಂತ್ಯಕ್ಕೆ ನಾಲ್ಕು ಲೇಖನಗಳನ್ನು ಒಪ್ಪಿಸತಕ್ಕದ್ದು. ವೇತನವು ಅವಳ ಅಂದಿನ ಸಂಬಳಕ್ಕಿಂತ ಎರಡು ಸಾವಿರ ರೂಪಾಯಿ ಕಡಿಮೆಯಾಗಿದ್ದಿತು. ತಂದೆಯ ಬೆರಳು ಆ ಸಾಲಿನ ಮೇಲೆಯೇ ನಿಂತಿದ್ದಿತು.

ನಮಗೆ ತಿಳಿದಷ್ಟನ್ನು ಅವರಿಗೆ ಹೇಳಿದೆವು. ಅಮೆರಿಕಾದ ಮಿಲ್ವಾಕಿ ಎಂಬ ಪಟ್ಟಣದಲ್ಲಿ ಪತ್ರಿಕೆಯೊಂದನ್ನು ಬೆಳೆಸಿದ ನೀಮನ್ ಎಂಬವರಿದ್ದರು. ಅವರ ಪತ್ನಿ ಪತಿಯ ಸ್ಮರಣೆಗಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ಮೊತ್ತವನ್ನು ಬಿಟ್ಟುಹೋದರು. ಅದರಿಂದ 1938ರಲ್ಲಿ ಒಂಬತ್ತು ಮಂದಿ ಪತ್ರಿಕಾಕರ್ತರನ್ನು ಕರೆದು, ಒಂದು ವರ್ಷ ಇಷ್ಟ ಬಂದುದನ್ನು ಓದಿರೆಂದು ಬಿಟ್ಟರು. ಪರೀಕ್ಷೆಯಿಲ್ಲ, ಪದವಿಯಿಲ್ಲ. ಇದೆಂತಹ ಪ್ರಯೋಗವೋ ಎಂದು ಆ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಕೊನಂಟರೇ ಸಂದೇಹಪಟ್ಟರು. ಅದು ಈಗಲೂ ನಡೆದುಬರುತ್ತಿದೆ.

ನಮ್ಮ ದೇಶದ ದೃಷ್ಟಾಂತವು ಇನ್ನೂ ಹತ್ತಿರದ್ದು. ಪಿ. ಸಾಯಿನಾಥರು ಮುಂಬಯಿಯ ವಾರಪತ್ರಿಕೆಯೊಂದರ ಉಪಸಂಪಾದಕತ್ವವನ್ನು ಬಿಟ್ಟು, 1993ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಫೆಲೋಶಿಪ್ಪನ್ನು ಪಡೆದು, ದೇಶದ ಅತ್ಯಂತ ಬಡ ಜಿಲ್ಲೆಗಳಿಗೆ ಹೊರಟರು. ಕಾಳಹಾಂಡಿ, ಗೊಡ್ಡಾ, ರಾಮನಾಥಪುರ ಮೊದಲಾದ ಊರುಗಳಲ್ಲಿ ತಿಂಗಳುಗಟ್ಟಲೆ ಸುತ್ತಿದರು. ಗೊಡ್ಡಾದಲ್ಲಿ ಬಡವರು ಸೈಕಲ್ಲಿನ ಮೇಲೆ ಇನ್ನೂರು ಕಿಲೋಗ್ರಾಮಿಗೂ ಮೀರಿದ ಕಲ್ಲಿದ್ದಲನ್ನು ಹೇರಿ, ಹತ್ತಲಾರದೆ ತಳ್ಳಿಕೊಂಡೇ ದೂರದೂರ ಮಾರಲು ಹೋಗುವರು. ಇವರೂ ಅವರೊಡನೆ ನಡೆದರು. ಕಚೇರಿಯಲ್ಲಿ ಕುಳಿತವನಿಗೆ ಸೈಕಲ್ಲು ಕಂಡೀತು. ದಾರಿಯಲ್ಲಿ ಅದರ ಭಾರ ಕಾಣಬೇಕಾದರೆ ಅಷ್ಟು ದಿನಗಳ ಬಿಡುವು ಬೇಕು. ಆ ಬಿಡುವನ್ನೇ ಫೆಲೋಶಿಪ್ಪು ಕೊಂಡುಕೊಟ್ಟಿತು. ಆ ಲೇಖನಗಳು 1996ರಲ್ಲಿ ಗ್ರಂಥವಾಗಿ ಬಂದುವು, ಜಿ. ಎನ್. ಮೋಹನರು ಅದನ್ನು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂದು ಕನ್ನಡಕ್ಕೆ ತಂದಿದ್ದಾರೆ. ಸಾಯಿನಾಥರೇ 2014ರಲ್ಲಿ ಗ್ರಾಮೀಣ ಜೀವನದ ಬರಹಗಳಿಗಾಗಿ 'ಪರಿ' ಎಂಬ ಭಂಡಾರವನ್ನು ಸ್ಥಾಪಿಸಿದರು. ಅದೂ ಇಂತಹ ಫೆಲೋಶಿಪ್ಪುಗಳನ್ನು ಕೊಟ್ಟಿದೆ.

ಅಂಗಡಿಯವರು ಎಲ್ಲವನ್ನೂ ಕೇಳಿ, "ಅವರೆಲ್ಲಾ ದೊಡ್ಡವರು, ಮೇಷ್ಟ್ರೇ. ನೀವಾಗಿದ್ದರೆ ನಿಮ್ಮ ಮಗಳಿಗೆ ಏನು ಹೇಳ್ತಿದ್ರಿ?" ಎಂದರು.

ಇದಕ್ಕೆ ನಾವು ಕೂಡಲೆ ಉತ್ತರ ಕೊಡಲಿಲ್ಲ. ಕಾರಣವನ್ನು ವಾಚಕರಲ್ಲಿ ಮುಚ್ಚಿಡುವುದೇಕೆ? 1987ರಲ್ಲಿ, ಎಂ.ಎ. ಮುಗಿಸಿದ ಹೊಸತರಲ್ಲಿ, ತಾಳೆಗರಿಯ ಹಸ್ತಪ್ರತಿಗಳನ್ನು ಶೋಧಿಸಿ ಪಟ್ಟಿ ಮಾಡಲು ನಮಗೂ ಒಂದು ವಿದ್ಯಾರ್ಥಿವೇತನ ಮಂಜೂರಾಗಿದ್ದಿತು. ಆದೇಶ ಬಂದಿತು, ಹಣ ಬರಲಿಲ್ಲ. ಪ್ರತಿ ತಿಂಗಳೂ ಆ ಸಂಸ್ಥೆಯ ಗುಮಾಸ್ತರು ಕಡತವು "ಮೇಲೆ ಹೋಗಿದೆ" ಎಂದು ಹೇಳುತ್ತಿದ್ದರು. ಅದು ಏಳು ತಿಂಗಳಾದರೂ ಕೆಳಗೆ ಇಳಿಯಲಿಲ್ಲ. ಕೋಣೆಯ ಬಾಡಿಗೆ ನಿಂತಿತು; ಊರಿನಲ್ಲಿ ತಾಯಿಯವರಿಗೆ ಔಷಧಿ ನಿಲ್ಲುವಂತಾಯಿತು. ನಾವು ಉಪಾಧ್ಯಾಯವೃತ್ತಿಗೆ ಅರ್ಜಿ ಹಾಕಿದೆವು. ಮೂವತ್ತೇಳು ವರ್ಷ ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ನಮಗೆ ಪಶ್ಚಾತ್ತಾಪವಿಲ್ಲ. ಆದರೆ ಅರ್ಧಕ್ಕೆ ನಿಂತ ಆ ಪಟ್ಟಿಯ ಕಟ್ಟು ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಪ್ರತಿ ವರ್ಷ ಅದಕ್ಕೆ ಬೇವಿನೆಲೆ ಹಾಕುವ ಕೆಲಸವನ್ನು ನಾವು ಮನೆಯವರಿಗೆ ಬಿಟ್ಟಿಲ್ಲ.

ಆದುದರಿಂದ ಹುಡುಗಿಯನ್ನೇ ಕರೆಯಿಸಿ, ಲೇಖನದ ವಿಷಯವನ್ನು ಕೇಳುವುದಕ್ಕೆ ಮೊದಲು ಹಣದ ವಿಷಯವನ್ನು ಕೇಳಿದೆವು. ವೇತನವು ತಿಂಗಳ ಮೊದಲಲ್ಲಿ ಬರುವುದೋ ಕೊನೆಯಲ್ಲೋ? ಪ್ರಯಾಣದ ಖರ್ಚು ಅದರಲ್ಲಿ ಸೇರಿದೆಯೋ ಬೇರೆಯೋ? ಜ್ವರದಲ್ಲಿ ಮಲಗಿದ ತಿಂಗಳಿಗೆ ಏನು? ಲೇಖನವನ್ನು ಅವರು ಅಚ್ಚು ಹಾಕದೆ ಹೋದರೆ ಅದು ಯಾರ ಸ್ವತ್ತು? ಅವಳು ನಕ್ಕು, "ಸಾರ್, ನೀವು ಅಪ್ಪನಿಗಿಂತ ಜೋರಾಗಿ ಲೆಕ್ಕ ಕೇಳ್ತೀರಿ" ಎಂದಳು. ಆದರೂ ಬರೆದುಕೊಂಡು ಹೋಗಿ, ನಾಲ್ಕಕ್ಕೂ ಲಿಖಿತ ಉತ್ತರವನ್ನು ತರಿಸಿದಳು. ಪ್ರಯಾಣದ ಖರ್ಚು ಬೇರೆಯೆಂದು ತಿಳಿದ ಮೇಲೆ ತಂದೆಯವರು ಅರ್ಧ ಒಪ್ಪಿದರು. ಉಳಿದರ್ಧವನ್ನು ಅವಳ ತಾಯಿ ಒಪ್ಪಿಸಿದರು. ಹೇಗೆಂಬುದು ಆ ಮನೆಯ ವಿಷಯ.

ಅವಳು ಆರಿಸಿಕೊಂಡ ವಿಷಯವು ನಮ್ಮ ಕೋಲಾರದ ಸೀಮೆಯ ನೀರುಗಂಟಿ. ವಾಚಕರಲ್ಲಿ ಹಳ್ಳಿಯವರು ಬಲ್ಲರು: ಕೆರೆಯ ತೂಬನ್ನು ತೆಗೆಯುವವನು, ಮುಚ್ಚುವವನು, ಅಚ್ಚುಕಟ್ಟಿನ ಒಂದೊಂದು ಗದ್ದೆಗೂ ಸರದಿಯಂತೆ ನೀರು ಹಾಯಿಸುವವನು ಅವನು. ಸುಗ್ಗಿಯಲ್ಲಿ ಕಣದ ಬಳಿ ರೈತರು ಅಳೆದು ಕೊಡುವ ಧಾನ್ಯವೇ ಅವನ ಸಂಬಳ. ಮಳೆ ಹೋಯಿತು, ಕೊಳವೆ ಬಾವಿಗಳು ಬಂದುವು, ಕೆರೆಗಳು ಒಣಗಿದುವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಇಲ್ಲಿನ ಕೆರೆಗಳಿಗೆ ತುಂಬಿಸಲು ಮೊದಲು ಮಾಡಿದರು. ಕೆರೆಯೊಂದು ತುಂಬಿ ಗಣ್ಯರು ಬಾಗಿನ ಅರ್ಪಿಸಿದುದನ್ನು ವರದಿಗಾರ್ತಿಯಾಗಿದ್ದಾಗ ಇವಳೇ ಬರೆದಿದ್ದಳು; ಎರಡು ಗಂಟೆಯ ಕೆಲಸ, ಹನ್ನೆರಡು ಸಾಲು. ಅಂದು ಏರಿಯ ಮೇಲೆ ದೂರದಲ್ಲಿ ನಿಂತಿದ್ದ ಮುದುಕನನ್ನು ಮಾತನಾಡಿಸಲು ಅವಳಿಗೆ ಹೊತ್ತಿರಲಿಲ್ಲ. ಈಗ ಅವನ ಹಳ್ಳಿಯಲ್ಲಿ ಆರು ವಾರ ಇದ್ದು ಬಂದಳು. ಆ ನೀರು ಅಂತರ್ಜಲವನ್ನು ಹೆಚ್ಚಿಸುವುದಕ್ಕಾಗಿ ಮಾತ್ರ, ನೇರವಾಗಿ ಗದ್ದೆಗೆ ಹರಿಸತಕ್ಕದ್ದಲ್ಲವೆಂಬುದು ಸರಕಾರದ ನಿಯಮ. ಎಷ್ಟೋ ವರ್ಷಗಳ ತರುವಾಯ ಕೆರೆ ತುಂಬಿದೆ. ನೀರುಗಂಟಿಗೆ ತೂಬು ತೆಗೆಯುವ ಅಪ್ಪಣೆಯಿಲ್ಲ. ಆದರೂ ಅವನು ಬೆಳಗ್ಗೆ ಎದ್ದು ಏರಿಯನ್ನು ಒಂದು ಸುತ್ತು ನಡೆದು ಬರುತ್ತಾನೆ. ಇದು ಅವಳ ಲೇಖನ.

ಮೊದಲನೆಯ ಕರಡನ್ನು ನಮಗೆ ತೋರಿಸಲು ತಂದಳು. ಮೊದಲಿನ ಎರಡು ಪುಟಗಳ ಮೇಲೆ ಅವಳ ಮಾರ್ಗದರ್ಶಕರು ಅಡ್ಡಗೆರೆ ಎಳೆದಿದ್ದರು. ನಾವು ಓದಿದೆವು: ಪ್ರಾಚೀದಿಗಂಗನೆ, ಬಾಲಭಾಸ್ಕರನ ಕಿರಣಗಳು, ಕಾಸಾರದ ತರಂಗಮಾಲೆ. ಆ ವಾಕ್ಯಗಳ ಗುರುತು ನಮಗೆ ಚೆನ್ನಾಗಿ ಹತ್ತಿತು. ಹತ್ತನೆಯ ತರಗತಿಯ ಪ್ರಬಂಧ ಸ್ಪರ್ಧೆಯಲ್ಲಿ ಇಂತಹವುಗಳಿಗೇ ನಾವು ಅವಳಿಗೆ ಪ್ರಥಮ ಬಹುಮಾನ ಕೊಟ್ಟಿದ್ದೆವು.

"ಇವನ್ನು ಯಾಕೆ ಹೊಡೆದರು?" ಎಂದು ಕೇಳಿದೆವು.

"ಅವತ್ತು ಮೋಡ ಇತ್ತಲ್ಲ ಸಾರ್, ಸೂರ್ಯ ಕಾಣಿಸಲೇ ಇಲ್ಲ. ನೀನು ನೋಡಿದ್ದು ಬರಿ ಅಂದ್ರು."

ಅವಳಿಗೆ ನಮ್ಮನ್ನು ನೋಯಿಸುವ ಇಚ್ಛೆ ಲೇಶವೂ ಇರಲಿಲ್ಲ. ಕಾಳಿದಾಸನು ಮೋಡವನ್ನೂ ವರ್ಣಿಸಿದ್ದಾನೆಂದು ಹೇಳಬೇಕೆಂದಿದ್ದೆವು, ಹೇಳಲಿಲ್ಲ. ಕರಡನ್ನು ರಾತ್ರಿಗೆ ಇಟ್ಟುಕೊಂಡು, ಅಭ್ಯಾಸಬಲದಿಂದ ಕೆಂಪು ಶಾಯಿಯಲ್ಲಿ ತಿದ್ದಿದೆವು. ಕಾಗುಣಿತದ ತಪ್ಪುಗಳು ಹನ್ನೊಂದು. ಹನ್ನೆರಡನೆಯದಾಗಿ, ಒಂದು ಕಡೆ 'ತೂಬು' ಎಂದಿದ್ದುದನ್ನು ಗ್ರಾಮ್ಯವೆಂದು ಬಗೆದು 'ಜಲನಿರ್ಗಮದ್ವಾರ' ಎಂದು ಮಾಡಿದೆವು. ದೀಪ ಆರಿಸಿದ ಮೇಲೆ ನಿದ್ರೆ ಬರಲಿಲ್ಲ. ಆ ಮುದುಕನು ಜೀವಮಾನವೆಲ್ಲಾ ತೆಗೆದು ಮುಚ್ಚಿದುದು ಜಲನಿರ್ಗಮದ್ವಾರವನ್ನಲ್ಲ. ಎದ್ದು, ಕನ್ನಡಕವನ್ನು ಹುಡುಕಿ, ಅದನ್ನು ಹೊಡೆದು ಮತ್ತೆ 'ತೂಬು' ಎಂದು ಬರೆದೆವು. ಕೆಂಪು ಶಾಯಿಯ ಗುರುತು ಮಾತ್ರ ಹಾಗೆಯೇ ಉಳಿಯಿತು. ಬೆಳಗ್ಗೆ ಅವಳು ಬಂದಾಗ ಅದನ್ನು ನೋಡಿ ಏನೂ ಹೇಳದೆ, ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಏಳೂವರೆಯ ಬಸ್ಸಿಗೆ ಹೊರಟಳು.