ಒಂದು ಮಿಲಿಮೀಟರಿನ ಪಾಠ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಜಡತ್ವದ ಪಾಠ ಮಾಡುತ್ತ ಬಂದವನು ನಾನು. ‘ಬಸ್ಸು ನಿಲ್ಲುವ ಮೊದಲು ಇಳಿಯಬೇಡಿ. ಪಾದ ನೆಲಕ್ಕೆ ತಾಗಿ ನಿಂತರೂ ಮೈ ಮುಂದಕ್ಕೆ ಓಡುತ್ತಿರುತ್ತದೆ’ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ, ಕೊಟ್ಟೂರಿನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದವನೂ ನಾನೇ! ಬಲಗಾಲು ತಿರುಚಿಕೊಂಡಿತು. ಒಣ ಕಟ್ಟಿಗೆ ಮುರಿದಂತೆ ‘ಲಟಕ್’ ಎಂದಿತು.

ಮನೆ ಸೇರುವಷ್ಟರಲ್ಲಿ ಹರಡಿನ ಸುತ್ತ ಬಾವು ಬಂದಿತ್ತು. ‘ಎಕ್ಸ್‌-ರೇ ತೆಗೆಸೋಣ ರೀ’ ಎಂದಳು ಹೆಂಡತಿ. ‘ಉಳುಕಿದೆ, ಅಷ್ಟೆ’ ಎಂದು ನಾನು ಎಲುಬು ಕಟ್ಟುವವರೊಬ್ಬರ ಬಳಿ ಹೋದೆ. ಅವರು ಸೊಪ್ಪು ಅರೆದು ಹಚ್ಚಿ, ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ಮೂರನೆಯ ದಿನ ಬೆರಳುಗಳು ಜುಮುಗುಟ್ಟತೊಡಗಿದವು. ನಾಲ್ಕನೆಯ ದಿನ ಶಾಲೆಯ ಮಕ್ಕಳು ನೋಡಲು ಬಂದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ‘ಸರ್, ರಾಂಟ್ಜನ್ 1895ರಲ್ಲೇ ಎಕ್ಸ್‌-ರೇ ಕಂಡುಹಿಡಿದ ಅಂತ ನೀವೇ ಹೇಳಿದ್ರಿ. ಮತ್ತೆ ನೀವ್ಯಾಕೆ ತೆಗೆಸಿಲ್ಲ?’ ಎಂದು ಕೇಳಿಬಿಟ್ಟಳು. ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನವೇ ದಾವಣಗೆರೆಗೆ ಹೋದೆವು. ನಮ್ಮ ಕಾಲಿನ ಎರಡು ಎಲುಬುಗಳ ಕೆಳತುದಿಗಳು ಇಕ್ಕಳದಂತೆ ಟೇಲಸ್ ಎಂಬ ಪಾದದ ಎಲುಬನ್ನು ಹಿಡಿದಿರುತ್ತವೆ. ನನಗೆ ಆ ಇಕ್ಕಳದ ಎರಡೂ ಬದಿ ಮುರಿದು, ಟೇಲಸ್ ಹೊರಕ್ಕೆ ಸರಿದಿತ್ತು. ‘ಸ್ವಲ್ಪವೇ ಸರಿದಿದೆಯಲ್ಲ, ಪ್ಲಾಸ್ಟರ್ ಸಾಲದೇ?’ ಎಂದೆ. ಡಾಕ್ಟರು ಹೇಳಿದ ಲೆಕ್ಕ ಇದು: ಟೇಲಸ್ ಒಂದೇ ಒಂದು ಮಿಲಿಮೀಟರ್ ಹೊರಕ್ಕೆ ಸರಿದರೆ ಕೀಲಿನ ಎಲುಬುಗಳು ಪರಸ್ಪರ ತಾಗುವ ವಿಸ್ತೀರ್ಣ ಸರಾಸರಿ ಶೇ. 42ರಷ್ಟು ಕಡಿಮೆಯಾಗುತ್ತದೆ ಎಂದು ರಾಮ್ಸೆ ಮತ್ತು ಹ್ಯಾಮಿಲ್ಟನ್ 1976ರಲ್ಲಿ ತೋರಿಸಿದ್ದಾರೆ. ಮುಂದಿನ ಲೆಕ್ಕ ನನಗೇ ಗೊತ್ತಿತ್ತು. ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ. ಮೈಭಾರ ಅಷ್ಟೇ ಇದ್ದು, ನೂರು ಪಾಲು ಜಾಗ ಐವತ್ತೆಂಟಕ್ಕೆ ಇಳಿದರೆ ಒತ್ತಡ ಸುಮಾರು 1.7 ಪಟ್ಟಾಗುತ್ತದೆ. ಹಾಗೆಯೇ ನಡೆದಾಡಿದರೆ ಕೀಲು ಸವೆಯದೆ ಇನ್ನೇನು?

ಆದರೆ ಬಿಗಿದ ಕಟ್ಟಿನಡಿ ಚರ್ಮ ಬೊಬ್ಬೆ ಎದ್ದಿತ್ತು. ಬಾವು ಇಳಿದು ಚರ್ಮದ ಮೇಲೆ ಸುಕ್ಕು ಕಾಣುವವರೆಗೆ ಕತ್ತರಿ ಹಾಕುವಂತಿಲ್ಲ ಎಂದರು. ದಿಂಬಿನ ಮೇಲೆ ಕಾಲಿಟ್ಟು ಒಂಬತ್ತು ದಿನ ಕಾದೆ. ಕೊನೆಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಹೊರಬದಿಗೆ ಪ್ಲೇಟು ಮತ್ತು ಆರು ಸ್ಕ್ರೂ, ಒಳಬದಿಗೆ ಎರಡು ಸ್ಕ್ರೂ ಹಾಕಿದರು. ‘ಮೇಷ್ಟ್ರೇ, ಪ್ಲೇಟು ಎಲುಬನ್ನು ಕೂಡಿಸುವುದಿಲ್ಲ. ಕೂಡುವ ತನಕ ಅಲುಗದಂತೆ ಹಿಡಿದಿರುತ್ತದೆ. ಕೂಡಿಸಿಕೊಳ್ಳುವುದು ನಿಮ್ಮ ಮೈಯ ಕೆಲಸ, ಅವಸರ ಮಾಡಬೇಡಿ’ ಎಂದರು ಡಾಕ್ಟರು.

ಆರು ವಾರ ಆ ಕಾಲನ್ನು ನೆಲಕ್ಕೆ ಊರಲಿಲ್ಲ. ಆಮೇಲೆ ವಾಕರ್ ಹಿಡಿದು, ತೂಕದ ಯಂತ್ರದ ಮೇಲೆ ಬಲಗಾಲಿಟ್ಟು ಮುಳ್ಳು ನೋಡುತ್ತ ಮೊದಲು ಇಪ್ಪತ್ತು ಕಿಲೋ, ಮುಂದಿನ ವಾರ ಮೂವತ್ತು ಎಂದು ಭಾರ ಹಾಕುವುದನ್ನು ಕಲಿತೆ. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ದಿನವೂ ಇತ್ತು. ಕೋಲು ಬಿಡಲು ನಾಲ್ಕು ತಿಂಗಳಾಯಿತು. ಈಗಲೂ ಸಂಜೆ ಒಮ್ಮೊಮ್ಮೆ ಬಾವು ಬರುತ್ತದೆ. ಕುಕ್ಕರಗಾಲಲ್ಲಿ ಕೂರುವುದು ಕಷ್ಟ.

ಪಾಲಕರಿಗೊಂದು ಮಾತು. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದಿದೆ. ಹರಡು ನೋಯುತ್ತಿದ್ದು, ಪೆಟ್ಟು ಬಿದ್ದವರು ನಾಲ್ಕು ಹೆಜ್ಜೆ ನಡೆಯಲಾರದಿದ್ದರೆ, ಅಥವಾ ಹರಡಿನ ಗುಬುಟಿನ ತುದಿಯನ್ನೋ ಹಿಂಬದಿಯನ್ನೋ ಒತ್ತಿದಾಗ ಎಲುಬಿನಲ್ಲೇ ನೋವಿದ್ದರೆ ಎಕ್ಸ್‌-ರೇ ತೆಗೆಸಬೇಕು. ಕಟ್ಟು ಹಾಕಿಸುವ ಮಾತು ಆಮೇಲೆ.

ಶಾಲೆಗೆ ಮರಳಿದ ಮೇಲೆ ಒತ್ತಡದ ಪಾಠಕ್ಕೆ ನನ್ನ ಎಕ್ಸ್‌-ರೇ ಫಿಲ್ಮನ್ನೇ ಒಯ್ದು, ಕಿಟಕಿಯ ಬೆಳಕಿಗೆ ಹಿಡಿದೆ. ಮಕ್ಕಳು ಸ್ಕ್ರೂ ಎಣಿಸಿದರು. ಅದೇ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ಈಗ ಬಸ್ಸು ನಿಂತ ಮೇಲೆ ಇಳೀತೀರಾ?’

ಈ ಸಲ ಉತ್ತರ ಹೇಳಲು ತಡವಾಗಲಿಲ್ಲ.