ಮತಪೆಟ್ಟಿಗೆ ಇಲ್ಲದ ಕ್ಯಾಂಪಸ್ಸು

ಜಿಲ್ಲಾಧಿಕಾರಿ ಕಚೇರಿಯ ಗೇಟಿನೆದುರು ಮೂವತ್ತು ನಲವತ್ತು ಹುಡುಗ ಹುಡುಗಿಯರು. ‘ಬೇಕೇ ಬೇಕು, ನ್ಯಾಯ ಬೇಕು’ ಎಂಬ ಕೂಗು. ವಿದ್ಯಾರ್ಥಿವೇತನ ಜಮಾ ಆಗಿಲ್ಲ, ಹಾಸ್ಟೆಲ್ ಊಟ ಸರಿಯಿಲ್ಲ, ಸಂಜೆ ಊರಿಗೆ ಹೋಗೋ ಬಸ್ಸು ಕಾಲೇಜಿನ ಹತ್ತಿರ ನಿಲ್ಲೋದೇ ಇಲ್ಲ. ಅಧಿಕಾರಿ ಹೊರಗೆ ಬಂದು ಮನವಿ ಪತ್ರ ಇಸಕೊಂಡರು, ಫೋಟೊ ಆಯಿತು. ವಾರ ಕಳೆಯುವುದರೊಳಗೆ ಅದೇ ಗೇಟು, ಅದೇ ಬೇಡಿಕೆ. ಬಾವುಟದ ಬಣ್ಣ ಮಾತ್ರ ಬೇರೆ. ಎರಡೂ ಗುಂಪಿನ ಹುಡುಗರು ತಿನ್ನುವುದು ಒಂದೇ ಹಾಸ್ಟೆಲಿನ ಊಟ. ಒಟ್ಟಿಗೆ ಬರಲು ಏನು ಅಡ್ಡಿ?

*

ಆ ಬಾವುಟಗಳ ಹಿಂದೆ ಪಕ್ಷಗಳ ನೆರಳಿದೆ. ವಿದ್ಯಾರ್ಥಿ ಸಂಘಟನೆಗಳಲ್ಲಿ ಎನ್‌ಎಸ್‌ಯುಐ 1971ರಲ್ಲಿ ಹುಟ್ಟಿದ್ದೇ ಕಾಂಗ್ರೆಸ್ಸಿನ ವಿದ್ಯಾರ್ಥಿ ಘಟಕವಾಗಿ. ಎಬಿವಿಪಿ ತಾನು ಯಾವ ಪಕ್ಷದ ಘಟಕವೂ ಅಲ್ಲ ಎನ್ನುತ್ತದೆ, ಎಸ್‌ಎಫ್‌ಐ ತನ್ನದು ಸ್ವತಂತ್ರ ಸಂಘಟನೆ ಎನ್ನುತ್ತದೆ. ಆದರೂ ಅರುಣ್ ಜೇಟ್ಲಿ, ನಮ್ಮ ಅನಂತಕುಮಾರ್ ಎಬಿವಿಪಿಯಿಂದ ಬಿಜೆಪಿಗೆ ಬಂದವರು. ಎಸ್‌ಎಫ್‌ಐನ ಸೀತಾರಾಮ್ ಯೆಚೂರಿ ಸಿಪಿಎಂನ ಪ್ರಧಾನ ಕಾರ್ಯದರ್ಶಿಯೇ ಆದರು. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಣ, ಮನೆತನದ ಬಲ ಇಲ್ಲದವರಿಗೆ ರಾಜಕೀಯಕ್ಕೆ ಬರಲು ಬೇರೆ ಬಾಗಿಲು ಎಷ್ಟಿವೆ?

*

1936, ಲಖನೌ. ಎಐಎಸ್‌ಎಫ್ ಎಂಬ ವಿದ್ಯಾರ್ಥಿ ಸಂಘಟನೆಯ ಸ್ಥಾಪನಾ ಸಮ್ಮೇಳನ. ಉದ್ಘಾಟನೆ ನೆಹರೂ, ಅಧ್ಯಕ್ಷತೆ ಜಿನ್ನಾ! ಆ ಇಬ್ಬರನ್ನೂ ಕರೆಸುವ ತಾಕತ್ತು ಅಂದಿನ ವಿದ್ಯಾರ್ಥಿಗಳಿಗೆ ಇತ್ತು.

*

1977ರ ಒಂದು ಫೋಟೊ ಮತ್ತೆ ಮತ್ತೆ ನೋಡುತ್ತೇನೆ. ಇಂದಿರಾ ಗಾಂಧಿ ಚುನಾವಣೆ ಸೋತಿದ್ದರು. ಜೆಎನ್‌ಯು ಕುಲಾಧಿಪತಿ ಸ್ಥಾನ ಮಾತ್ರ ಬಿಟ್ಟಿರಲಿಲ್ಲ. ವಿದ್ಯಾರ್ಥಿಗಳು ಅವರ ಮನೆವರೆಗೆ ಮೆರವಣಿಗೆ ಹೋದರು. ಇಂದಿರಾ ಅವರ ಪಕ್ಕದಲ್ಲೇ ನಿಂತು ಯೆಚೂರಿ, ರಾಜೀನಾಮೆ ಕೊಡಿ ಎಂಬ ಮನವಿ ಓದುತ್ತಿದ್ದಾರೆ. ಆಕೆ ನಿಂತೇ ಕೇಳುತ್ತಿದ್ದಾರೆ. ಮುಂದೆ ಆ ಸ್ಥಾನ ಬಿಟ್ಟರು.

ಅದೂ ಮನವಿ ಪತ್ರವೇ. ಅಷ್ಟು ತೂಕ ಎಲ್ಲಿಂದ ಬಂತು? ಓದುತ್ತಿದ್ದವನು ಒಂದು ಸಂಘಟನೆಯ ಸದಸ್ಯ ಮಾತ್ರ ಆಗಿರಲಿಲ್ಲ. ಇಡೀ ಕ್ಯಾಂಪಸ್ಸು ವೋಟು ಹಾಕಿ ಆರಿಸಿದ ವಿದ್ಯಾರ್ಥಿ ಸಂಘದ ಅಧ್ಯಕ್ಷ.

*

ನನಗೆ ಬಿಡಿಸಲಾಗದ ಗಂಟು ಇದು. 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989-90ರಲ್ಲಿ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತಿತು. ಹೊಡೆದಾಟ, ಗುಂಪುಗಾರಿಕೆ ಕಾರಣ ಎಂದರು. ಹೊಡೆದಾಟ ಸುಳ್ಳಲ್ಲ. ಆದರೆ ಲೋಕಸಭೆಗೆ ಸದಸ್ಯರನ್ನು ಆರಿಸಬಲ್ಲ ಹುಡುಗಿ ತನ್ನ ಕಾಲೇಜಿನ ಅಧ್ಯಕ್ಷರನ್ನು ಆರಿಸಲಾರಳು ಎಂದರೆ ಹೇಗೆ ಒಪ್ಪುವುದು?

ಚುನಾವಣೆ ಹೋಯಿತು, ಸಂಘಟನೆಗಳು ಉಳಿದವು. ಪದಾಧಿಕಾರಿಗಳನ್ನು ಸಂಘಟನೆಯೇ ನೇಮಿಸುತ್ತದೆ. ಸದಸ್ಯರಲ್ಲದ ವಿದ್ಯಾರ್ಥಿಗೆ ಅವರನ್ನು ಸೋಲಿಸುವ ದಾರಿಯೇ ಇಲ್ಲ. ಹಾಗಿದ್ದಾಗ ಅವರ ಕಣ್ಣು ತರಗತಿಯ ಕಡೆಗಿಂತ ಮೇಲಿನ ನಾಯಕರ ಕಡೆ ಹೊರಳಿದರೆ ಹುಡುಗರನ್ನಷ್ಟೇ ಬೈದು ಏನು ಬಂತು?

*

ವಿದ್ಯಾರ್ಥಿ ಚುನಾವಣೆಗೆಂದೇ ಲಿಂಗ್ಡೊ ಸಮಿತಿ 2006ರಲ್ಲೇ ನಿಯಮ ಹಾಕಿಕೊಟ್ಟಿದೆ: ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಮುದ್ರಿತ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಸಾಕು. ಆದರೂ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ, 2024ರ ಸೆಪ್ಟೆಂಬರಿನಲ್ಲಿ, ಅಭ್ಯರ್ಥಿಗಳ ಪೋಸ್ಟರು, ಬಣ್ಣ ಗೋಡೆಗಳನ್ನೆಲ್ಲ ಹಾಳು ಮಾಡಿದವು. ಅದನ್ನೆಲ್ಲ ಸ್ವಚ್ಛ ಮಾಡುವವರೆಗೆ ಎಣಿಕೆ ಇಲ್ಲ ಎಂದಿತು ಹೈಕೋರ್ಟು. ಮತ ಎಣಿಸಿದ್ದು ನವೆಂಬರಿನಲ್ಲಿ: ಅಧ್ಯಕ್ಷ ಸ್ಥಾನ ಎನ್‌ಎಸ್‌ಯುಐಗೆ, ಉಪಾಧ್ಯಕ್ಷ ಸ್ಥಾನ ಎಬಿವಿಪಿಗೆ.

ಗೋಡೆ ಹಾಳಾಯಿತೆಂದು ಅಲ್ಲಿ ಚುನಾವಣೆಯನ್ನೇ ಮುಚ್ಚಲಿಲ್ಲ. ನಮ್ಮಲ್ಲಿ ಮುಚ್ಚಿದ್ದನ್ನು ಇಷ್ಟು ವರ್ಷವಾದರೂ ತೆರೆಯಲಿಲ್ಲವೇಕೆ?