ಪೀಣ್ಯದ ಗೇಜು, ಮನೆಯ ಇಬ್ಬರು ಡಾಕ್ಟರರು

ನಮ್ಮ ಕುಟುಂಬದಲ್ಲಿ ಇಬ್ಬರು ಡಾಕ್ಟರರಿದ್ದಾರೆ ಎಂದರೆ ಕೇಳಿದವರು ಮಾಶಾ ಅಲ್ಲಾಹ್ ಎನ್ನುತ್ತಾರೆ. ಮರುಕ್ಷಣವೇ ಎರಡನೆಯ ಪ್ರಶ್ನೆ ಬರುತ್ತದೆ. ‘ಇಬ್ಬರೂ ಎಂಬಿಬಿಎಸ್ ತಾನೇ?’ ಮಗಳು ಹೌದು, ಅಣ್ಣನ ಮಗ ಬಿಯುಎಂಎಸ್, ಅಂದರೆ ಯುನಾನಿ ಎನ್ನುತ್ತೇನೆ. ‘ಓ, ಹಕೀಮರಾ?’ ಎನ್ನುತ್ತಾರೆ. ಆ ‘ಓ’ ಎಷ್ಟು ಉದ್ದವಿರುತ್ತದೆ ಎಂದು ಅಳೆಯುವ ಗೇಜು ನನ್ನ ಬಳಿ ಇಲ್ಲ.

ಗೇಜಿನ ಮಾತು ಬಂದದ್ದು ಅಭ್ಯಾಸಬಲದಿಂದ. ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ 26 ವರ್ಷ ತಪಾಸಣೆಯ ಕೆಲಸ ಮಾಡಿದವನು. ಅಲ್ಲಿ ವಾಹನಗಳ ಬಿಡಿಭಾಗಗಳು ತಯಾರಾಗುತ್ತಿದ್ದವು. ಕೊರೆದ ರಂಧ್ರ ಸರಿಯಾಗಿದೆಯೇ ಎಂದು ನೋಡಲು ‘ಗೋ-ನೋಗೋ’ ಗೇಜು ಎಂಬ ಉಕ್ಕಿನ ಸಲಾಕೆ ಇರುತ್ತಿತ್ತು. ಅದರ ಒಂದು ತುದಿ ರಂಧ್ರದೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಲೇಬಾರದು. ಅಷ್ಟೇ ಪರೀಕ್ಷೆ. ತುಂಡು ಹಳೆಯ ಲೇತಿನಿಂದ ಬಂತೋ, ಹೊಸ ಸಿಎನ್‌ಸಿ ಯಂತ್ರದಿಂದ ಬಂತೋ ಎಂದು ಗೇಜು ಕೇಳುವುದಿಲ್ಲ. ಆದರೆ ಎರಡು ಯಂತ್ರಗಳ ತುಂಡುಗಳು ಒಂದೇ ಗಾಡಿಗೆ ಹೋಗುವುದಾದರೆ ಗೇಜು ಮಾತ್ರ ಒಂದೇ ಇರಬೇಕು.

ಈ ಇಬ್ಬರು ಮಕ್ಕಳು ಒಂದೇ ವರ್ಷ, 2018ರಲ್ಲಿ, ನೀಟ್ ಬರೆದರು. ನಮ್ಮ ಮಗಳಿಗೆ 38 ಅಂಕ ಹೆಚ್ಚು ಬಂತು. 720ರ ಪರೀಕ್ಷೆಯಲ್ಲಿ 38 ಅಂಕವೆಂದರೆ ಒಂಬತ್ತು-ಹತ್ತು ಸರಿಯುತ್ತರಗಳ ಅಂತರ. ಆ ಅಂಕದಲ್ಲಿ ಸಾಮಾನ್ಯ ಸಾಲಿನಲ್ಲಿ ನಿಂತಿದ್ದರೆ ಅವಳಿಗೂ ಸರಕಾರಿ ಎಂಬಿಬಿಎಸ್ ಸೀಟು ಸಿಗುತ್ತಿರಲಿಲ್ಲ. ಅವಳ ಕೈ ಹಿಡಿದದ್ದು ನನ್ನ ಇಎಸ್‌ಐ ಕಾರ್ಡು. ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜುಗಳಲ್ಲಿ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆಂದು ಒಂದಷ್ಟು ಸೀಟುಗಳಿವೆ. ರಾಜಾಜಿನಗರದ ಕಾಲೇಜಿನಲ್ಲಿ ಅವಳಿಗೆ ಅಂಥದೊಂದು ಸಿಕ್ಕಿತು. ಇಎಸ್‌ಐ ವ್ಯಾಪ್ತಿಗೆ ಬರಲು ಸಂಬಳ ತಿಂಗಳಿಗೆ 21,000 ರೂಪಾಯಿ ದಾಟಬಾರದು. ನನ್ನ ಸಂಬಳ ದಾಟಿರಲಿಲ್ಲ. ಸಂಬಳ ಹೆಚ್ಚಾಗಲಿಲ್ಲವೆಂದು ಎಷ್ಟೋ ವರ್ಷ ಗೊಣಗಿದವನು ನಾನು. ಕೊನೆಗೆ ಆ ಕಡಿಮೆ ಸಂಬಳವೇ ಮಗಳನ್ನು ಡಾಕ್ಟರ್ ಮಾಡಿತು!

ನನ್ನ ಅಣ್ಣನದು ಲಗ್ಗೆರೆಯಲ್ಲಿ ಪಂಕ್ಚರ್ ಅಂಗಡಿ. ಪಂಕ್ಚರ್ ಅಂಗಡಿಯವನಿಗೆ ಎಲ್ಲಿಯ ಇಎಸ್‌ಐ? ಹುಡುಗ ಉರ್ದು ಶಾಲೆಯಲ್ಲಿ ಕಲಿತಿದ್ದ, ಬಿಯುಎಂಎಸ್‌ಗೆ ಅದು ಬೇಕಾಗಿತ್ತು. ಹೀಗೆ ಒಬ್ಬಳು ಅಲ್ಲಿಗೆ, ಒಬ್ಬ ಇಲ್ಲಿಗೆ. ಎರಡೂ ಕೋರ್ಸುಗಳು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎರಡೂ ಪದವಿಗಳ ಮೇಲಿರುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮುದ್ರೆ. ನೂರಕ್ಕೆ 50 ಬಂದರೆ ಇಬ್ಬರೂ ಪಾಸು. ಆದರೆ ಪ್ರಶ್ನೆಪತ್ರಿಕೆ ಬೇರೆ ಬೇರೆ. ಅವನು ತಶ್ರೀಹುಲ್ ಬದನ್ ಎಂಬ ಹೆಸರಿನಲ್ಲಿ ಅಂಗರಚನೆಯನ್ನು ಓದಿದ, ಇವಳು ಅನಾಟಮಿ ಎಂಬ ಹೆಸರಿನಲ್ಲಿ. ಅವನು ಇಬ್ನ್ ಸೀನಾರ ‘ಅಲ್ ಕಾನೂನ್’ ಬಗ್ಗೆ, ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ದ್ರವಗಳ ಬಗ್ಗೆ ಬರೆದ. ಆ ಹೊತ್ತಿನಲ್ಲಿ ಇವಳು ಇಎಸ್‌ಐ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತಿದ್ದಳು.

ಓದು ಮುಗಿದ ಮೇಲೆ ಹುಡುಗನಿಗೆ ಕೆಲಸ ಸಿಕ್ಕಿದ್ದು ಕೈಗಾರಿಕಾ ಪ್ರದೇಶದ ಒಂದು ನರ್ಸಿಂಗ್ ಹೋಮಿನಲ್ಲಿ, ರಾತ್ರಿ ಪಾಳಿಗೆ. ಬೋರ್ಡಿನಲ್ಲಿ ದೊಡ್ಡ ದೊಡ್ಡ ಪದವಿಗಳವರ ಹೆಸರುಗಳಿವೆ. ರಾತ್ರಿ ಹತ್ತರ ನಂತರ ಅಲ್ಲಿ ಇರುವುದು ಇವನೊಬ್ಬನೇ. ಕೈ ಜಜ್ಜಿಕೊಂಡ ಪ್ರೆಸ್ ಶಾಪಿನ ಹುಡುಗರು, ಜ್ವರ ಬಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಉಸಿರು ಕಟ್ಟಿದ ಮುದುಕರು. ಅವನು ಕಲಿತ ಔಷಧಿಗಳಲ್ಲಿ ಒಂದೂ ಅಲ್ಲಿಲ್ಲ. ಇರುವುದು ಡ್ರಿಪ್ಪು, ಇಂಜೆಕ್ಷನ್, ಆಂಟಿಬಯಾಟಿಕ್. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆ ಕೆಲಸಕ್ಕೆ ಸೇರಿದ ಅವನ ಸಹಪಾಠಿಗಳದ್ದೂ ಇದೇ ಕತೆ. ಕಡಿಮೆ ಸಂಬಳಕ್ಕೆ ದೊರೆಯುವ ಡಾಕ್ಟರರು ಇವರು, ಅಷ್ಟೇ.

ಒಂದು ರಾತ್ರಿ ನಲವತ್ತು ದಾಟಿದ ಒಬ್ಬ ಕಾರ್ಮಿಕ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಕರಿಕೆ ಎಂದು ಬಂದ. ಹುಡುಗ ಗ್ಯಾಸ್ಟ್ರಿಕ್ ಎಂದು ತಿಳಿದು ಇಂಜೆಕ್ಷನ್ ಕೊಟ್ಟು ಕಳುಹಿಸಿದ. ಬೆಳಗಿನ ಜಾವ ಅದೇ ಮನುಷ್ಯನನ್ನು ಆಟೋದಲ್ಲಿ ಹೊತ್ತು ತಂದರು. ಈ ಸಲ ಇಸಿಜಿ ತೆಗೆದ, ಅರ್ಥವಾಗಲಿಲ್ಲ. ಮೊಬೈಲಿನಲ್ಲಿ ಫೋಟೋ ಹಿಡಿದು ನನ್ನ ಮಗಳಿಗೆ ಕಳುಹಿಸಿದ. ಅವಳು ನಿದ್ದೆಗಣ್ಣಿನಲ್ಲೇ ನೋಡಿ, ‘ಎರಡು, ಮೂರು, ಎವಿಎಫ್ ಗೆರೆಗಳನ್ನು ನೋಡು, ಇದು ಹೃದಯಾಘಾತ, ಆಸ್ಪಿರಿನ್ ಕೊಟ್ಟು ತಕ್ಷಣ ಜಯದೇವಕ್ಕೆ ಕಳುಹಿಸು’ ಎಂದಳು. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ನೋವು ಹೊಟ್ಟೆಯುರಿಯ ವೇಷದಲ್ಲಿ ಬರುವುದುಂಟಂತೆ. ಆ ಮನುಷ್ಯ ಬದುಕಿದ. ಅಲ್ಹಮ್ದುಲಿಲ್ಲಾಹ್.

ಆದರೆ ಹುಡುಗ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಚಿಕ್ಕಪ್ಪಾ, ಐದೂವರೆ ವರ್ಷದಲ್ಲಿ ನಾನು ಇಸಿಜಿ ಯಂತ್ರ ಮುಟ್ಟಿದ್ದು ನಾಲ್ಕು ಸಲ’ ಎಂದ. ತಪ್ಪು ಯಾರದು? ಕಲಿಯದ್ದನ್ನು ಮಾಡಲು ಒಪ್ಪಿಕೊಂಡ ಅವನದೂ ಇದೆ, ನಾನು ಅವನನ್ನು ಸಮರ್ಥಿಸುವುದಿಲ್ಲ. ಹೋಮಿಯೋಪಥಿ ಕಲಿತವರು ಅಲೋಪಥಿ ಔಷಧ ಕೊಟ್ಟ ಮುಂಬೈಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು ಹೇಳಿದೆ. ಅದು ಅವನಿಗೂ ಗೊತ್ತು, ಅವನನ್ನು ನೇಮಿಸಿಕೊಂಡವರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಆಟೋದಲ್ಲಿ ಬಂದವನಿಗೆ ಮಾತ್ರ.

ನಾಲ್ಕನೆಯ ದಿನ ಭಾನುವಾರ. ಮಗಳು ತಾನು ಸ್ನಾತಕೋತ್ತರ ಪ್ರವೇಶಕ್ಕೆ ಓದುತ್ತಿದ್ದ ಪುಸ್ತಕದಿಂದ 100 ಪ್ರಶ್ನೆಗಳನ್ನು ಆರಿಸಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. ಮೇಲ್ವಿಚಾರಕ ನಾನು. ಅಲಾರಾಂ ಇಟ್ಟು ನೂರು ನಿಮಿಷ ಕಾದೆ. ಹುಡುಗನಿಗೆ 47 ಬಂತು. ಅಂಥದೇ ಪರೀಕ್ಷೆಯಲ್ಲಿ ಅವಳದು 71. ಆದರೆ ಒಟ್ಟು ಅಂಕಕ್ಕಿಂತ ಒಳಗಿನ ಲೆಕ್ಕ ನನಗೆ ಮುಖ್ಯವಾಗಿ ಕಂಡಿತು. ತುಂಡು ತಿರಸ್ಕೃತವಾದಾಗ ಎಲ್ಲಿ ಕೆಟ್ಟಿದೆ ಎಂದು ನೋಡುವುದೇ ತಪಾಸಣೆಯವನ ಕೆಲಸವಲ್ಲವೇ? ಅಂಗರಚನೆ, ಶರೀರಕ್ರಿಯೆಯಲ್ಲಿ ಇಬ್ಬರ ನಡುವೆ ಎರಡು ಮೂರು ಅಂಕಗಳ ಅಂತರ. ಸಾರ್ವಜನಿಕ ಆರೋಗ್ಯದಲ್ಲಿ ಅವನೇ ಒಂದು ಅಂಕ ಮುಂದು. ಔಷಧ, ತುರ್ತುಚಿಕಿತ್ಸೆಗೆ ಬಂದಾಗ ಹಳ್ಳ. ಬುದ್ಧಿಯ ಕೊರತೆಯಾಗಿದ್ದರೆ ಎಲ್ಲ ಕಡೆಯೂ ಕಡಿಮೆಯಾಗಬೇಕಿತ್ತು. ಇದು ಕಲಿಸದ ಕೊರತೆ.

ಅವನೂ ಸೇಡು ತೀರಿಸಿಕೊಂಡ. ಆಯುಷ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಯುನಾನಿ ಪ್ರಶ್ನೆಗಳಲ್ಲಿ 20ನ್ನು ಆರಿಸಿ ಅವಳ ಮುಂದಿಟ್ಟ. ಅವಳಿಗೆ ಬಂದದ್ದು ಆರು, ಅವೂ ಊಹೆಯವು. ಮನೆಯವರೆಲ್ಲ ನಕ್ಕೆವು. ನಕ್ಕ ಮೇಲೆ ನನಗೆ ಅನಿಸಿದ್ದು, ಇದು ಸಮಸಮ ಅಲ್ಲ ಎಂದು. ಅವಳಿಂದ ರಾತ್ರಿ ಎರಡು ಗಂಟೆಗೆ ಯಾರೂ ಜೋಶಾಂದಾ ಬರೆಸಿಕೊಳ್ಳುವುದಿಲ್ಲ. ಅವನಿಂದ ಆಂಟಿಬಯಾಟಿಕ್ ಬರೆಸಿಕೊಳ್ಳುತ್ತಾರೆ.

ಇಂಥದೇ ಎರಡು ಸಾಲುಗಳು ಅಮೆರಿಕದಲ್ಲೂ ಇವೆ ಎಂದು ಆ ದಿನ ಮಗಳು ಹೇಳಿದಳು. ಅಲ್ಲಿ ಎಂಡಿ ವೈದ್ಯರ ಜೊತೆಗೆ ಡಿಒ ಎಂಬ ಆಸ್ಟಿಯೋಪಥಿ ವೈದ್ಯರಿದ್ದಾರೆ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು ತಮ್ಮ ಕಾಲದ ಔಷಧಿಗಳಲ್ಲಿ ನಂಬಿಕೆ ಕಳೆದುಕೊಂಡು, ಮೂಳೆ ಮತ್ತು ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಪದ್ಧತಿಗಾಗಿ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಬಹುಕಾಲ ಅವರನ್ನೂ ‘ಓ’ ಎಂದೇ ನೋಡಲಾಯಿತು. ಈಗ ಅವರಿಗೆ ಎಲ್ಲ ರಾಜ್ಯಗಳಲ್ಲೂ ಪೂರ್ಣ ಹಕ್ಕಿದೆ. ಅವರದೇ ಪರವಾನಗಿ ಪರೀಕ್ಷೆ ಬೇರೆ ಇದ್ದರೂ ಅನೇಕರು ಎಂಡಿ ವಿದ್ಯಾರ್ಥಿಗಳ ಪರೀಕ್ಷೆಯನ್ನೂ ಬರೆಯುತ್ತಾರೆ. ಅದರ ಮೊದಲ ಹಂತವನ್ನು 2023ರಲ್ಲಿ ಮೊದಲ ಯತ್ನದಲ್ಲೇ ದಾಟಿದವರು ಎಂಡಿಯಲ್ಲಿ ನೂರಕ್ಕೆ ಸುಮಾರು 92, ಡಿಒದಲ್ಲಿ ಸುಮಾರು 86. ಕಾಲೇಜಿಗೆ ಸೇರುವಾಗ ಡಿಒದವರ ಪ್ರವೇಶ ಅಂಕ ಸರಾಸರಿಯಲ್ಲಿ ಕಡಿಮೆಯೇ ಇರುತ್ತದೆ. ಆದರೂ ಹತ್ತರಲ್ಲಿ ಎಂಟು ಮಂದಿಗೂ ಹೆಚ್ಚು ಜನ ಅದೇ ಬಾಗಿಲು ದಾಟುತ್ತಾರೆ. 2022ರ ಜನವರಿಯಿಂದ ಆ ಹಂತಕ್ಕೆ ಅಂಕ ಕೊಡುವುದನ್ನೂ ನಿಲ್ಲಿಸಿ ಪಾಸು, ಫೇಲು ಎಂದಷ್ಟೇ ಹೇಳುತ್ತಾರೆ. ನನ್ನ ಗೋ-ನೋಗೋ ಗೇಜೇ!

ಆದರೆ ಅಲ್ಲಿ ಎರಡೂ ಕಾಲೇಜುಗಳಲ್ಲಿ ಕಲಿಸುವುದು ಬಹುಪಾಲು ಒಂದೇ ಪಾಠ. ಕೈಯಿಂದ ತಿದ್ದುವ ವಿದ್ಯೆ ಡಿಒದವರಿಗೆ ಹೆಚ್ಚುವರಿ. 2020ರ ಹೊತ್ತಿಗೆ ಸ್ನಾತಕೋತ್ತರ ತರಬೇತಿಯೂ ಒಂದೇ ವ್ಯವಸ್ಥೆಯಡಿ ಬಂತು. ಕ್ಯಾಲಿಫೋರ್ನಿಯಾದಲ್ಲಂತೂ 1962ರ ವೇಳೆಗೆ ಸಾವಿರಾರು ಡಿಒ ವೈದ್ಯರು 65 ಡಾಲರ್ ಕಟ್ಟಿ ಎಂಡಿ ಪದವಿಯನ್ನೇ ಪಡೆದುಕೊಂಡರು. ಅದನ್ನು ಕೇಳಿ ಹುಡುಗ ಸುಮ್ಮನಾದ. ‘ಅವರಂತೆಯೇ ಆಗಿ ಸಮಾನರಾದರು. ಹಾಗಾದರೆ ನಮ್ಮ ಹಿಕ್ಮತ್ ಎಲ್ಲಿ ಉಳಿಯಿತು?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ಸಂಸ್ಥೆಗೆ ಮಂಡಿನೋವಿಗೆಂದು ನಾನೇ ಹೋಗಿ ಬಂದವನು. ಅಲ್ಲಿ ಚೀಟಿ ಬರೆಸಲು ನಿಂತವರಲ್ಲಿ ಎಲ್ಲ ಧರ್ಮದವರೂ ಇದ್ದರು. ಅವರಿಗೆ ಬೇಕಾಗಿದ್ದದ್ದು ಹಕೀಮರೇ ಹೊರತು ಅರ್ಧ ಎಂಬಿಬಿಎಸ್ ಅಲ್ಲ.

ನಮ್ಮಲ್ಲೂ ಗೇಜು ಮಾಡಿಡುವ ಮಾತು ಬಂದಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಎಂಬಿಬಿಎಸ್‌ನವರಿಗೆ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ ಎಂದಿತು. 2023ರ ಜುಲೈಗೆ ಗೊತ್ತುಮಾಡಿದ್ದ ಅಣಕು ಪರೀಕ್ಷೆ ಕೂಡ ನಡೆಯದೆ ಅದು ಮುಂದಕ್ಕೆ ಹೋಯಿತು. ಭಾರತೀಯ ಪದ್ಧತಿಗಳ 2020ರ ಕಾಯ್ದೆಯಲ್ಲಿ ಯುನಾನಿ, ಆಯುರ್ವೇದದವರಿಗೂ ಒಂದು ನಿರ್ಗಮನ ಪರೀಕ್ಷೆ ಇದೆ. ಆದರೆ ಅದು ಬೇರೆ, ಇದು ಬೇರೆ. ಹಕೀಮ ಒಳ್ಳೆಯ ಹಕೀಮನೇ ಎಂದು ನೋಡಲು ಅದು ಸಾಕು. ರಾತ್ರಿ ಪಾಳಿಗೆ ಅವನು ಸಾಕೇ ಎಂದು ಯಾರು ನೋಡುತ್ತಾರೆ? ಕೂರಿಸುವುದೇ ಆದರೆ ಅದಕ್ಕೊಂದು ಪಾಠ, ಅದಕ್ಕೊಂದು ಗೇಜು ಇರಲಿ. ಎಂಬಿಬಿಎಸ್‌ನವರೂ ಅದೇ ಗೇಜಿನಲ್ಲಿ ದಾಟಿ ಬರಲಿ. ಇಲ್ಲವಾದರೆ ಬೋರ್ಡಿನಲ್ಲಿ ಹೆಸರಿರುವವರು ಬಂದು ಕುಳಿತುಕೊಳ್ಳಲಿ. ಇದನ್ನು ಬರೆಯುವಾಗ ಅಣ್ಣನ ಮನೆಯ ಒಲೆ ಈ ಸಂಬಳದಿಂದಲೇ ಉರಿಯುತ್ತದೆ ಎಂಬುದು ನನಗೆ ನೆನಪಿಲ್ಲದೆ ಇಲ್ಲ.

ಹುಡುಗ ಇನ್ನೂ ಕೆಲಸ ಬಿಟ್ಟಿಲ್ಲ. ಭಾನುವಾರದ ಪರೀಕ್ಷೆ ನಡೆಯುತ್ತಿದೆ. ಕಳೆದ ವಾರ 58 ಬಂತು. ಅವನ ಚೀಲದಲ್ಲಿ ಈಗ ಎರಡು ಪುಸ್ತಕಗಳಿವೆ. ಒಂದು ಇಸಿಜಿಯದು, ಇನ್ನೊಂದು ಕೊಟ್ಟಿಗೆಪಾಳ್ಯದಲ್ಲಿ ಯುನಾನಿ ಎಂಡಿ ಸೇರಲು ಬರೆಯಬೇಕಾದ ಪರೀಕ್ಷೆಯದು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಓದಲು ಸಿಗುವುದು ದಿನಕ್ಕೆ ಎರಡು ಗಂಟೆ. ಯಾವ ಪುಸ್ತಕ ತೆರೆಯಲಿ ಎಂದು ಮೊನ್ನೆ ನನ್ನನ್ನು ಕೇಳಿದ. ಇವತ್ತು ರಾತ್ರಿ ಡ್ಯೂಟಿ ಇದೆಯಾ ಎಂದು ಕೇಳಿದೆ. ಇದೆ ಎಂದ. ಹಾಗಾದರೆ ಇಸಿಜಿ ತೆಗೆ ಎಂದೆ.